ಕಸದ ಯಂತ್ರಕ್ಕೆ ಅರ್ಧ ಗಂಟೆಗೊಮ್ಮೆ ತಪಾಸಣೆ

೨೦೦೮ನೆಯ ಇಸವಿ, ಫೆಬ್ರುವರಿ ಒಂಬತ್ತು, ಶನಿವಾರ, ಬೆಳಿಗ್ಗೆ ಏಳೂಕಾಲು. ಸ್ಥಳ ವಾಡಿಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ನನ್ನ ಹೆಂಡತಿ, ಸೊಂಟಕ್ಕೆ ಬೆಲ್ಟು ಬಿಗಿದು ಕುರ್ಚಿಯಲ್ಲಿ ನೆಟ್ಟಗೆ ಕುಳಿತ ನನ್ನ ಅಕ್ಕ, ಮತ್ತು ಶಹಾಬಾದದಿಂದ ಬೆಳಗಿನ ಪ್ಯಾಸೆಂಜರಿಗೆ ಬಂದಿಳಿದ, ರೈಲ್ವೆಯಲ್ಲಿ ನನ್ನ ಹಳೆಯ ಹೆಲ್ಪರ್. ಅವನ ಬಗಲಲ್ಲಿ ಒಂದು ರಟ್ಟಿನ ಡಬ್ಬಿ ಇತ್ತು. ಡಬ್ಬಿಯೊಳಗೆ ತನ್ನಷ್ಟಕ್ಕೆ ತಾನೇ ಮನೆ ತುಂಬ ಓಡಾಡಿ ಕಸ ಗುಡಿಸುವ ಯಂತ್ರವಿತ್ತು.

ಯಂತ್ರ ಯಾಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹದಿನೈದು ದಿನಗಳ ಹಿಂದೆ ಅಕ್ಕನ ಸೊಂಟ ಹಿಡಿದು, ಗುಲಬರ್ಗಾಕ್ಕೆ ಕರೆದೊಯ್ದು ತೋರಿಸಿದ್ದೆವು. ಬೆನ್ನುಮೂಳೆಯ ನಡುವಿನ ಗಾದಿ ಜರುಗಿದೆ ಎಂದು ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೂರು ತಿಂಗಳು ಬಗ್ಗಬಾರದು, ಬಗ್ಗಿದರೆ ಎಡಗಾಲಿನ ಶಕ್ತಿ ಹೋಗಬಹುದು, ಹೋದರೆ ತಿರುಗಿ ಬರುತ್ತದೆಂದು ಹೇಳಲಾಗದು ಎಂದರು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, "ಕಸ ಹೊಡೀಲಿಕ್ಕ ಅಡ್ಡಿ ಇಲ್ಲಲ್ಲ?" ಎಂದು ಕೇಳಿದಳು. ಡಾಕ್ಟರು ನನ್ನ ಮುಖ ನೋಡಿದರು.

ಅಕ್ಕ ಚಿತ್ತಾಪುರದ ಪ್ರಾಥಮಿಕ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಕಲಿಸಿ, ನಿವೃತ್ತಳಾದ ಮೇಲೆ ನಮ್ಮಲ್ಲಿಗೆ ಬಂದವಳು. ಹತ್ತನೆಯ ವಯಸ್ಸಿನಿಂದ ಸಂಜೆಯ ಕಸ ಅವಳದೇ. ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲು ಕಸ ಗುಡಿಸಿ, ಗುಡಿಸಿದ್ದನ್ನು ಹೊರಗೆ ಚೆಲ್ಲಿ, ಆಮೇಲೆ ದೇವರ ಮುಂದೆ ಸಂಜೆಯ ದೀಪ ಹಚ್ಚಬೇಕು. ದೀಪ ಹಚ್ಚಿದ ಮೇಲೆ ಕಸಬರಿಗೆ ಮುಟ್ಟುವಂತಿಲ್ಲ, ಕಸ ಹೊರಗೆ ಹಾಕುವಂತಿಲ್ಲ. ವಾಡಿಯಲ್ಲಿ ಕಾರ್ಖಾನೆಯ ಸಿಮೆಂಟಿನ ಧೂಳು ಎಷ್ಟು ನುಣ್ಣಗೆ ಬಂದು ಕೂರುತ್ತದೆಂದರೆ ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆಗೆ ಬೆರಳಿನಿಂದ ಮಗ್ಗಿ ಬರೆಯಬಹುದು. ಕೆಲಸದವಳು ಗುಡಿಸಿ ಹೋದ ಮೇಲೆ ಅಕ್ಕ ಮತ್ತೆ ಗುಡಿಸುತ್ತಿದ್ದಳು. ನನ್ನ ಹೆಂಡತಿ ಗುಡಿಸಿದರೆ ಅದರ ಮೇಲೂ ಗುಡಿಸುತ್ತಿದ್ದಳು. ಮೂಲೆಯಲ್ಲಿ ಉಳಿದಿದೆ ಎಂಬುದೊಂದೇ ಅವಳ ತಕರಾರು. ಡಾಕ್ಟರು ಹೇಳಿದ ಮೇಲೆ ಆ ಹದಿನೈದು ದಿನಗಳಲ್ಲಿ ನಾಲ್ಕು ಸಲ ಬಗ್ಗಿ ಸಿಕ್ಕಿಬಿದ್ದಿದ್ದಳು. ನಾಲ್ಕನೆಯ ಸಲ ಅವಳನ್ನು ಗೋಡೆ ಹಿಡಿಸಿ ಎಬ್ಬಿಸುವಾಗ ಎಡಗಾಲು ನೆಲಕ್ಕೆ ಸರಿಯಾಗಿ ಊರಲಿಲ್ಲ. ಅದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು.

ಈ ಸಂಗತಿ ಹೆಲ್ಪರನ ಕಿವಿಗೆ ಬಿತ್ತು. ಅವನ ಅಳಿಯ ದುಬೈಯಿಂದ ತಂದುಕೊಟ್ಟ ಯಂತ್ರ ಡಬ್ಬಿ ಒಡೆಯದೆ ಕಪಾಟಿನ ಮೇಲೆ ಕೂತಿತ್ತಂತೆ. ತನ್ನ ಹೆಂಡತಿಗೆ ಅದರ ಸುದ್ದಿಯೇ ಬೇಡವಾಗಿದೆ, ತಂದುಕೊಡುತ್ತೇನೆ ಎಂದ. ಅಕ್ಕ ಒಂದು ಕರಾರು ಹಾಕಿದಳು.

"ನೋಡು ತಮ್ಮಾ, ಶನಿವಾರ ಸಂಜಿ ದೀಪ ಹಚ್ಚೋದ್ರೊಳಗ ಆ ಯಂತ್ರ ಇಡೀ ಮನಿ ಕಸ ಹೊಡೀತಂದ್ರ, ಮೂರು ತಿಂಗಳು ನಾ ಕಸಬರಿಗಿ ಮುಟ್ಟಂಗಿಲ್ಲ. ಹೊಡೀಲಿಲ್ಲಂದ್ರ ನಾನೇ ಹೊಡೀತೀನಿ. ನೀ ಅಡ್ಡ ಬರಬಾರದು."

ಒಪ್ಪಿದೆ. ಆಕೆಯ ಕಾಲು ಉಳಿಯುವುದು ಈ ಡಬ್ಬಿಯೊಳಗಿನ ಬ್ಯಾಟರಿಯ ಮೇಲೆ ನಿಂತಿತು. ಬ್ಯಾಟರಿಯ ಮಾತಾದರೆ ನನಗೆ ಹೆದರಿಕೆಯಿರಲಿಲ್ಲ. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಬ್ಯಾಟರಿ ಕೋಣೆಯ ಉಸ್ತುವಾರಿ ನೋಡಿಕೊಂಡೇ ನಾನು ನಿವೃತ್ತನಾದವನು. ತೊಂಬತ್ತರ ದಶಕದ ಹತ್ತೂ ವರ್ಷ ಈ ಹೆಲ್ಪರ್ ನನ್ನ ಕೈಕೆಳಗಿದ್ದ. ಆಸಿಡ್ ಬಿದ್ದು ತೂತಾದ ನಮ್ಮಿಬ್ಬರ ಅಂಗಿಗಳನ್ನು ಒಂದರ ಮೇಲೊಂದು ಇಟ್ಟರೆ ತೂತುಗಳು ಸರಿಹೊಂದುತ್ತಿದ್ದವು.

ಡಬ್ಬಿ ಒಡೆಯುವ ಮೊದಲು ಅಕ್ಕನ ವಿಚಾರಣೆ ಇತ್ತು.

"ಇದು ಯಾರ ಮನ್ಯಾಗರೆ ಓಡಾಡೇದೇನು?"

"ಇಲ್ಲ ಟೀಚರಮ್ಮಾ, ಸೀಲ್ ಸುದ್ದಾ ಒಡದಿಲ್ಲ ನೋಡ್ರಿ. ವಿಮಾನದಾಗ ಬಂದದ, ನೆಲಾನೇ ಮುಟ್ಟಿಲ್ಲ," ಎಂದ ಹೆಲ್ಪರ್.

"ಒಳಗಿನ ಬ್ರಷ್ಷು ಯಾವುದರ ಕೂದಲದ್ದು?"

ಡಬ್ಬಿ ಒಡೆದೆ. ಬ್ರಷ್ಷನ್ನು ಕಿತ್ತು ತೋರಿಸಿದೆ, ನೈಲಾನು. ಅಕ್ಕ ಎರಡು ಬೆರಳಲ್ಲಿ ತಿಕ್ಕಿ ನೋಡಿ ಪಾಸು ಮಾಡಿದಳು. ಆಮೇಲೆ ತಂಬಿಗೆಯಲ್ಲಿ ಕೈ ಅದ್ದಿ ಯಂತ್ರದ ಮೇಲೆ ನೀರು ಚಿಮುಕಿಸಲು ಹೊರಟಳು. ವಿದ್ಯುತ್ ಸಾಮಾನಿಗೆ ನೀರು ತಾಕಿಸುವಂತಿಲ್ಲ ಎಂದು ತಡೆದೆ. ಕೊನೆಗೆ ಖಾಲಿ ಡಬ್ಬಿಯ ಮೇಲೆ ನೀರು ಚಿಮುಕಿಸಿ ಆ ಶುದ್ಧಿಯನ್ನು ಯಂತ್ರದ ಲೆಕ್ಕಕ್ಕೆ ಹಿಡಿಯುವುದೆಂದು ರಾಜಿಯಾಯಿತು.

ಜೊತೆಗೆ ಬಂದ ಪುಸ್ತಕ ಅರಬ್ಬಿಯಲ್ಲಿತ್ತು. ಹಿಂದಿನ ಅರ್ಧ ಚೀನಿ. ಹೆಲ್ಪರ್ ಕನ್ನಡಕ ಏರಿಸಿ, ಮಂಡಿಯೂರಿ ಕುಳಿತು, ಮೊದಲ ಪುಟವನ್ನು ಸ್ಪಷ್ಟವಾದ ಉಚ್ಚಾರದಲ್ಲಿ, ಎಲ್ಲಿಯೂ ತಡವರಿಸದೆ ಓದಿದ. ನನ್ನ ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ನಿಂತು ಕೇಳಿದಳು. ಓದು ಮುಗಿದ ಮೇಲೆ ನಾನು ಏನು ಬರೆದಿದೆ ಎಂದೆ.

"ಮದರಸಾದಾಗ ಕಲಿಸ್ಯಾರ, ಓದಲಿಕ್ಕ ಬರ್ತದ ಸಾಬ್. ಅರ್ಥ ಬರಂಗಿಲ್ಲ."

"ಮತ್ತ ಇಷ್ಟು ಛಲೋ ಓದಿದ್ರಲ್ಲ?" ಎಂದಳು ಹೆಂಡತಿ.

"ಓದೋದು ಛಲೋನೇ ಓದಬೇಕಲ್ರಿ."

ಹೀಗಾಗಿ ಪುಸ್ತಕ ಬದಿಗಿಟ್ಟು, ನನಗೆ ತಿಳಿದ ಕ್ರಮವನ್ನೇ ಅನುಸರಿಸುವುದೆಂದು ತೀರ್ಮಾನಿಸಿದೆ. ಬ್ಯಾಟರಿ ಕೋಣೆಗೆ ಒಂದು ಕ್ರಮವಿರುತ್ತದೆ. ಚಾರ್ಜಿಂಗ್ ನಡೆಯುವ ಕಡೆ ಗಾಳಿ ಆಡಬೇಕು. ಬೆಂಕಿ, ಕಿಡಿ, ಬೀಡಿ ಇರಬಾರದು. ಎರಡು ಬಕೀಟು ಮರಳು ಕೈಗೆ ಸಿಗುವಂತಿರಬೇಕು. ನಿಗದಿತ ಹೊತ್ತಿಗೆ ಬ್ಯಾಟರಿಯನ್ನು ಚಾರ್ಜರಿನಿಂದ ಬಿಡಿಸಿ, ಹದಿನೈದು ನಿಮಿಷ ಆರಲು ಬಿಟ್ಟು, ಆಮೇಲೆ ಅಳೆಯಬೇಕು. ಚಾರ್ಜರಿನ ಮೇಲಿರುವಾಗಲೇ ಅಳೆದರೆ ಬ್ಯಾಟರಿ ಸುಳ್ಳು ಹೇಳುತ್ತದೆ. ಆಮೇಲೆ ಸ್ವಲ್ಪ ಭಾರ ಕೊಟ್ಟು, ಅಂದರೆ ಅದರಿಂದ ಕೆಲಸ ಮಾಡಿಸಿ, ತಾಳುತ್ತದೆಯೇ ಎಂದು ನೋಡಬೇಕು. ಪ್ರತಿಯೊಂದನ್ನೂ ರಿಜಿಸ್ಟರಿನಲ್ಲಿ ಬರೆದು, ಮಾಡಿದವನೂ ನೋಡಿದವನೂ ಸಹಿ ಹಾಕಬೇಕು. ಈ ಕ್ರಮದಲ್ಲಿ ನಡೆದದ್ದರಿಂದ ನನ್ನ ಸೇವೆಯಲ್ಲಿ ಒಂದು ಸಿಗ್ನಲ್ಲೂ ಬ್ಯಾಟರಿಯ ಕಾರಣಕ್ಕೆ ಆರಿದ್ದಿಲ್ಲ.

ಮೊದಲ ತೊಡಕು ಪ್ಲಗ್ಗಿನದು. ದುಬೈಯ ಪ್ಲಗ್ಗಿಗೆ ಚೌಕದ ಮೂರು ಹಲ್ಲು, ನಮ್ಮ ಗೋಡೆಗೆ ದುಂಡು ತೂತು. ಹೆಲ್ಪರ್ ತನ್ನ ಚೀಲದಿಂದ ವೈರು, ನಮ್ಮ ಕಡೆಯ ಪ್ಲಗ್ಗು, ಟೇಪು ತೆಗೆದು ಹತ್ತು ನಿಮಿಷದಲ್ಲಿ ಸರಿಮಾಡಿದ. ಯಂತ್ರ ಕೂರುವ ಸ್ಟ್ಯಾಂಡನ್ನು ಪಡಸಾಲೆಯ ಪೂರ್ವದ ಗೋಡೆಗೆ ಇಟ್ಟೆವು. ಯಂತ್ರವನ್ನು ಅದರ ಮೇಲೆ ಕೂರಿಸಿದಾಗ ಒಂದು ಸಲ ಕೂಗಿತು. ನೆತ್ತಿಯ ಮೇಲೆ ಕಿತ್ತಳೆ ಬಣ್ಣದ ದೀಪವೊಂದು ಬಂತು. ಡಿಸ್ಟಿಲ್ಡ್ ವಾಟರ್ ಹಾಕುವ ಮುಚ್ಚಳ ಎಲ್ಲಿದೆಯೆಂದು ತಿರುವಿ ಹಾಕಿ ಹುಡುಕಿದೆವು. ಇರಲಿಲ್ಲ. ಮುಚ್ಚಳವಿಲ್ಲದ ಬ್ಯಾಟರಿಯನ್ನು ನಾನು ಪೂರ್ತಿ ನಂಬಲಿಲ್ಲ. ಆದರೂ ಮುಂದುವರಿದೆ.

ಗಾಳಿಗೆಂದು ನಾಲ್ಕೂ ಕಿಟಕಿ ತೆರೆಸಿದೆ. ಕಿಟಕಿಯಿಂದ ಗಾಳಿಯೂ ಬಂತು, ಧೂಳೂ ಬಂತು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದವರ ಹತ್ತಿರ ಎರಡು ಬಕೀಟು ಮರಳು ಕೇಳಿ ತಂದೆವು. ತರುವಾಗ ಹೊಸ್ತಿಲ ಬಳಿ ಹೆಲ್ಪರ್ ಎಡವಿ ಅರ್ಧ ಬಕೀಟು ಪಡಸಾಲೆಯಲ್ಲಿ ಚೆಲ್ಲಿತು.

"ಛಲೋ ಆತು," ಎಂದಳು ಅಕ್ಕ ಕುರ್ಚಿಯಿಂದ. "ಯಂತ್ರಕ್ಕ ಕಸ ಸಾಲಂಗಿಲ್ಲಂತ ಮರಳು ತಂದೀರಿ."

ಬೆಂಕಿಯ ವಿಷಯಕ್ಕೆ ಬಂದಾಗ ನಿಜವಾದ ಜಗಳ ಹತ್ತಿತು. ದೇವರ ಕೋಣೆ ಪಡಸಾಲೆಗೆ ಹತ್ತಿಕೊಂಡೇ ಇದೆ. ಅಲ್ಲಿ ನಂದಾದೀಪ ಹಗಲೂ ರಾತ್ರಿ ಉರಿಯುತ್ತದೆ. ಚಾರ್ಜಿಂಗ್ ಮುಗಿಯುವವರೆಗೆ ಅದನ್ನು ಹಿತ್ತಲ ಕೋಣೆಗೆ ಸರಿಸಬಹುದೇ ಎಂದು ಕೇಳಿದೆ.

"ನಿನ್ನ ನೌಕರಿಗಿಂತ ಹಳೇದದ ಆ ದೀಪ. ಸರಸ್ತೀನಂತ! ನಿನ್ನ ಬ್ಯಾಟರೀನೇ ಹಿತ್ತಲಿಗೆ ಒಯ್ಯಿ."

"ಅಕ್ಕಾ, ಗ್ಯಾಸ್ ಏಳ್ತದ, ಕಿಡಿ ತಾಕಿದ್ರ..."

"ಎಲ್ಲಿ ಏಳಾಕತ್ತದ? ತೋರಸು."

ತೋರಿಸಲಾಗಲಿಲ್ಲ. ಅಳತೆಯ ಟೇಪು ತಂದು ದೀಪದಿಂದ ಸ್ಟ್ಯಾಂಡಿನವರೆಗೆ ಅಳೆದೆ. ಹದಿಮೂರು ಅಡಿ ನಾಲ್ಕು ಅಂಗುಲ. ಮಧ್ಯದಲ್ಲಿ ಒಂದು ಮರಳಿನ ಬಕೀಟು ಇಟ್ಟು, "ಅಂತರ ಸಮಾಧಾನಕರ" ಎಂದು ರಿಜಿಸ್ಟರಿನಲ್ಲಿ ಬರೆದೆ. ಹೆಂಡತಿಯನ್ನು ಮಾತ್ರ ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳಬೇಕೆಂದು ಕೇಳಿಕೊಂಡೆ. ಅವಳು ಬಾಗಿಲು ಮುಚ್ಚಿದ ಸದ್ದಿನಲ್ಲೇ ಅವಳ ಅಭಿಪ್ರಾಯ ತಿಳಿಯಿತು.

ಎಂಟೂವರೆಗೆ ಮೊದಲ ತಪಾಸಣೆ. ಯಂತ್ರವನ್ನು ಸ್ಟ್ಯಾಂಡಿನಿಂದ ಎತ್ತಿದೆ. ದೀಪ ಆರಿತು. ಬೆತ್ತದ ಸ್ಟೂಲಿನ ಮೇಲೆ ಹದಿನೈದು ನಿಮಿಷ ಆರಲು ಬಿಟ್ಟೆ. ಅಂಗೈ ಹಿಂಭಾಗದಿಂದ ಹೊಟ್ಟೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಒಳಗೆ ಆಸಿಡ್ ಅಳೆಯುವ ಹೈಡ್ರೋಮೀಟರ್ ಇಳಿಸುವ ತೂತಿಲ್ಲವಾದ್ದರಿಂದ ಅಳತೆಯ ಕಾಲಮಿನಲ್ಲಿ ಗೆರೆ ಎಳೆದೆ. ಆಮೇಲೆ ಭಾರದ ಪರೀಕ್ಷೆ. ಯಂತ್ರ ಓಡಿಹೋಗಬಾರದೆಂದು ಹೆಲ್ಪರ್ ಅದನ್ನು ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಎತ್ತಿ ಹಿಡಿದ. ನಾನು ನೆತ್ತಿಯ ಗುಂಡಿ ಒತ್ತಿದೆ. ಚಕ್ರ ಒಂದು ಸುತ್ತು ತಿರುಗಿ, ಯಂತ್ರ ಮೂರು ಸಲ ಕಿರುಚಿ, ನಿಂತುಹೋಯಿತು.

"ಭಾರ ತಾಳುತ್ತಿಲ್ಲ" ಎಂದು ಬರೆದೆ. ಸಹಿ ಹಾಕಿದೆ. ಹೆಲ್ಪರ್ ಸಾಕ್ಷಿ ಸಹಿ ಹಾಕಿದ. ಮತ್ತೆ ಸ್ಟ್ಯಾಂಡಿನ ಮೇಲೆ ಕೂರಿಸಿದೆವು.

ಒಂಬತ್ತಕ್ಕೆ ಹಾಗೆಯೇ. ಒಂಬತ್ತೂವರೆಗೂ ಹಾಗೆಯೇ. ಹತ್ತಕ್ಕೆ ಕರೆಂಟು ಹೋಯಿತು. ನಮ್ಮ ಕಡೆ ಆಗ ಲೋಡ್ ಶೆಡ್ಡಿಂಗಿನ ಬೆಳಗಿನ ಸರದಿ ಎರಡು ಗಂಟೆ ಇರುತ್ತಿತ್ತು. ಹನ್ನೆರಡರವರೆಗೆ ನಾವಿಬ್ಬರೂ ಯಂತ್ರದ ಎರಡು ಕಡೆ ಕುಳಿತೆವು. ಕರೆಂಟು ಇಲ್ಲದಾಗ ತಪಾಸಣೆ ಬೇಡವೆಂದು ಹೆಲ್ಪರ್ ಹೇಳಿದ. ಕರೆಂಟು ಇಲ್ಲ ಎಂಬುದನ್ನಾದರೂ ಬರೆಯಬೇಕಲ್ಲ ಎಂದೆ. ನಾಲ್ಕು ಸಲ ಬರೆದೆವು.

ಹನ್ನೊಂದಕ್ಕೆ ಅವನು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ಸಾಬ್, ತಪ್ಪು ತಿಳೀಬ್ಯಾಡ್ರಿ. ಇಷ್ಟೊತ್ತಿಗೆ ನಾವಿಬ್ಬರೂ ಈ ಮನಿ ಐದು ಸಲ ಕಸ ಹೊಡೀತಿದ್ವಿ."

"ಪ್ರಶ್ನೆ ಕಸದ್ದಲ್ಲ," ಎಂದೆ.

"ಮತ್ತ?"

ಅಕ್ಕ ಎದುರಿಗೇ ಕುಳಿತಿದ್ದಳು. ಕಾಲಿನ ಮಾತು ಅವಳ ಎದುರು ಆಡುವಂತಿರಲಿಲ್ಲ. "ಆಮ್ಯಾಲ ಹೇಳ್ತೀನಿ" ಎಂದೆ. ಅವಳಿಗೆ ಇಡೀ ದಿನ ಬೇರೆ ಕೆಲಸವಿರಲಿಲ್ಲ. ಶನಿವಾರದ ಒಪ್ಪತ್ತಿನ ಊಟ ಹನ್ನೊಂದೂವರೆಗೆ ಮುಗಿಸಿ ಮತ್ತೆ ಬಂದು ಅದೇ ಕುರ್ಚಿಯಲ್ಲಿ, ಅದೇ ಬೆಲ್ಟಿನಲ್ಲಿ, ಪರೀಕ್ಷೆಯ ಕೋಣೆಯಲ್ಲಿ ಕುಳಿತ ಹಾಗೆ ಕುಳಿತಿದ್ದಳು. ಅವಳ ಮುಖದಲ್ಲಿ ಒಂದು ತೃಪ್ತಿ ಹೊತ್ತಿನಿಂದ ಹೊತ್ತಿಗೆ ಹೆಚ್ಚುತ್ತಿತ್ತು. ಯಂತ್ರ ಸೋಲುತ್ತಿತ್ತಲ್ಲ.

ಹನ್ನೆರಡಕ್ಕೆ ಕರೆಂಟು ಬಂತು. ಹನ್ನೆರಡೂವರೆಗೆ ಹೆಂಡತಿ, "ಊಟಕ್ಕ ಏಳ್ರಿ ಇಬ್ಬರೂ, ಅದೇನು ಕೂಸಲ್ಲ, ಎದ್ದು ಅಳಂಗಿಲ್ಲ," ಎಂದು ಕರೆದಳು. ನಾವು ಅಡುಗೆಮನೆಯಲ್ಲಿ ರೊಟ್ಟಿ ಮುಗಿಸಿ ಬರುವಾಗ ಒಂದೂಕಾಲು. ತಪ್ಪಿದ ಎರಡು ತಪಾಸಣೆಗಳನ್ನು ಒಂದೇ ಸಲ ಮಾಡಿದೆವು. ಎತ್ತಿದೆವು, ಆರಿಸಿದೆವು, ಎದೆಮಟ್ಟಕ್ಕೆ ಹಿಡಿದೆವು. ಕಿರುಚಿತು, ನಿಂತಿತು. ಎರಡನೆಯದಕ್ಕೂ ಅದೇ.

ಒಂದೂವರೆಯಿಂದ ಮೂರೂವರೆಯವರೆಗಿನ ಐದು ನಮೂದುಗಳನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲ ಒಂದೇ. ಮೂರೂವರೆಗೆ ನಾನು ರಿಜಿಸ್ಟರಿನ ಕೆಳಗೆ ಗೆರೆ ಎಳೆದು, ಅಂತಿಮ ಷರಾ ಬರೆದೆ: "ಯಂತ್ರ ಚಾರ್ಜ್ ಆಗುತ್ತಿಲ್ಲ. ಬ್ಯಾಟರಿ ನಿರುಪಯುಕ್ತ." ಸಹಿ ಹಾಕಿದೆ. ಹೆಲ್ಪರ್ ಹಾಕಿದ. ಅಂತಿಮ ಷರಾಕ್ಕೆ ಇನ್ನೊಬ್ಬ ಸಾಕ್ಷಿ ಬೇಕು. ಅದು ನಿಯಮ. ರಿಜಿಸ್ಟರನ್ನೂ ಪೆನ್ನನ್ನೂ ಅಕ್ಕನ ಮುಂದೆ ಹಿಡಿದೆ. ಕರಾರಿನಲ್ಲಿ ನಾನು ಸೋತಿದ್ದೆ. ಇನ್ನು ಎರಡೂವರೆ ತಾಸಿನಲ್ಲಿ ಆಕೆ ಬಗ್ಗುತ್ತಾಳೆ, ನಾನು ಅಡ್ಡ ಬರುವಂತಿಲ್ಲ.

ಅಕ್ಕ ಪೆನ್ನು ತೆಗೆದುಕೊಂಡಳು. ಷರಾ ಓದಿದಳು. ಇನ್ನೊಮ್ಮೆ ಓದಿದಳು. ಪೆನ್ನಿನ ಮುಚ್ಚಳ ಹಾಕಿದಳು.

"ನಾ ಸಹಿ ಹಾಕಂಗಿಲ್ಲ."

"ಯಾಕ?"

"ಸುಳ್ಳದ."

ನಾನೂ ಹೆಲ್ಪರನೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಕ್ಕನಿಗೆ ಕಂಡದ್ದನ್ನು ಹೇಳುವುದು ಬೇಕಿರಲಿಲ್ಲ ಎಂಬುದು ಈಗ ನನಗೆ ಅರ್ಥವಾಗುತ್ತದೆ. ಸುಮ್ಮನೆ ಸಹಿ ಹಾಕಿದ್ದರೆ ಕಸಬರಿಗೆ ಅವಳ ಕೈಗೆ ಬರುತ್ತಿತ್ತು. ಆದರೆ ಬಾರದ ಹುಡುಗನಿಗೆ ಹಾಜರಿ, ಬಂದ ಹುಡುಗನಿಗೆ ಗೈರು, ಮೂವತ್ತನಾಲ್ಕು ವರ್ಷದಲ್ಲಿ ಒಂದು ಸಲವೂ ಹಾಕಿದವಳಲ್ಲ ಅವಳು. ಇನ್ಸ್‌ಪೆಕ್ಟರು ಬಂದ ದಿನ ಬೇರೆ ಶಿಕ್ಷಕರು ಶಾಲೆ ತುಂಬಿಸಿ ತೋರಿಸಿದರೆ, ಇವಳ ಹಾಜರಿ ಪುಸ್ತಕದಲ್ಲಿ ಹನ್ನೊಂದು ಗೈರು ಇದ್ದದ್ದು ಹನ್ನೊಂದಾಗಿಯೇ ಇರುತ್ತಿತ್ತು.

"ನೀವು ಊಟಕ್ಕ ಹೋದಾಗ ಅದರ ದೀಪ ಉಸಿರಾಡಾಕತ್ತಿತ್ತು," ಎಂದಳು. "ಸಣ್ಣಗ, ದೊಡ್ಡದಾಗಿ, ಸಣ್ಣಗ, ದೊಡ್ಡದಾಗಿ. ಮುಕ್ಕಾಲು ತಾಸು. ನೀ ಬಂದು ಎತ್ತಿದಿ, ಹೋತು. ಬೆಳಿಗ್ಗಿಂದ ನೋಡಾಕತ್ತೀನಿ. ಅದು ಉಣ್ಣಾಕತ್ತಂದ್ರ ನೀ ಎಬ್ಬಸ್ತಿ. ಹದಿನೈದು ನಿಮಿಷ ಉಪಾಸ ಹಾಕ್ತಿ. ಮತ್ತ ಕೂಡಸ್ತಿ. ಕೂತು ಒಂದು ತುತ್ತು ಬಾಯಾಗ ಇಡೋದ್ರೊಳಗ ಮತ್ತ ಎಬ್ಬಸ್ತಿ."

"ಅಕ್ಕಾ, ಆರಲಿಕ್ಕ ಬಿಡಬೇಕು. ಅದು ಕ್ರಮ."

"ಅದು ನಿನ್ನ ರೈಲಿನ ಕ್ರಮ. ಇದರ ಕ್ರಮ ಇದಕ್ಕ ಬ್ಯಾರೆ ಇರಬಾರದೇನು?"

"ಮತ್ತ ಭಾರ ತಾಳಲಿಲ್ಲಲ್ಲ? ಕಿರಿಚಿ ನಿಂತಿತಲ್ಲ?"

"ನೆಲದ ಮ್ಯಾಲ ಬಿಟ್ಟಿದ್ರೇನು? ಕೂಸಿಗೆ ಬಗಲಾಗ ಎತ್ತಿ ಹಿಡಕೊಂಡು ನಡೀ ನಡೀ ಅಂದ್ರ ಕಿರಚಲಾರದ ಏನು ಮಾಡ್ತದ?"

ಹೆಲ್ಪರ್ ತನ್ನ ಎರಡೂ ಕೈಗಳನ್ನು ನೋಡಿಕೊಂಡ. "ಸಾಬ್," ಎಂದ ಮೆತ್ತಗೆ, "ಹತ್ತು ಸಲ ಎತ್ತಿ ಹಿಡದೀನಿ."

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿರಲಿಲ್ಲ.

ನಾನು ಷರಾಕ್ಕೆ ಅಡ್ಡಗೆರೆ ಎಳೆದು, ತಿದ್ದುಪಡಿ ಎಂದು ಬರೆದು, ಚಿಕ್ಕ ಸಹಿ ಹಾಕಿದೆ. ತಪ್ಪು ತಪ್ಪೇ. ಆದರೆ ಅಕ್ಕ ಮಧ್ಯಾಹ್ನವೇ ಕಂಡಿದ್ದನ್ನು ಮೂರೂವರೆಯವರೆಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀ ಕೇಳಲಿಲ್ಲ," ಎಂದಳು. ಆಮೇಲೆ, "ಸಹಿ ಕೇಳಿದಿ, ಹೇಳಿದೆ."

ಈಗ ಚಾರ್ಜಿಗೆ ಉಳಿದದ್ದು ಎರಡು ತಾಸು. ಯಂತ್ರವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ಐದೂವರೆಯವರೆಗೆ ಯಾರೂ ಮುಟ್ಟಬಾರದು ಎಂದು ಅಕ್ಕ ಆಜ್ಞೆ ಮಾಡಿದಳು. ಕರಾರಿನ ಎದುರು ಪಕ್ಷವೇ ಹೀಗೆ ಆಜ್ಞೆ ಮಾಡುವುದು ವಿಚಿತ್ರವಾಗಿತ್ತು. ಆದರೆ ತರಗತಿ ಸರಿಯಾಗಿ ನಡೆಯದಿದ್ದರೆ ಅವಳಿಗೆ ಸಹಿಸುವುದಾಗುತ್ತಿರಲಿಲ್ಲ. ನಾಲ್ಕಕ್ಕೆ ನನ್ನ ಕೈ ತಾನಾಗಿಯೇ ಯಂತ್ರದ ಕಡೆ ಹೋಯಿತು. ಮುಟ್ಟುವುದಕ್ಕಲ್ಲ, ಬಿಸಿಯಾಗಿದೆಯೇ ಎಂದು ತಿಳಿಯುವುದಕ್ಕೆ.

"ಕೈ ಹಿಂದಕ್ಕ!"

ಅರವತ್ತನಾಲ್ಕರ ವಯಸ್ಸಿನಲ್ಲಿ ನಾನು ಕೈಕಟ್ಟಿ ಕುಳಿತೆ. ನಾಲ್ಕೂವರೆಗೆ ಮತ್ತೆ ಸ್ವಲ್ಪ ಮುಂದಕ್ಕೆ ಬಾಗಿದ್ದು ಕಂಡು, ಅಕ್ಕ ಹೆಲ್ಪರನಿಗೆ, "ಇವನ್ನ ಹೊರಗ ಕರಕೊಂಡು ಹೋಗ್ರಿ, ಚಹಾ ಕುಡಿಸ್ರಿ. ಐದೂವರಿ ತನಕಾ ಒಳಗ ಬಿಡಬ್ಯಾಡ್ರಿ," ಎಂದಳು. ನಾವು ಸ್ಟೇಷನ್ನಿನವರೆಗೆ ನಡೆದೆವು. ಚಹಾ ಕುಡಿಯುವಾಗ ಅವನು, "ಈಗ ಹೇಳ್ರಿ ಸಾಬ್, ಪ್ರಶ್ನೆ ಏನಿತ್ತು?" ಎಂದ. ಹೇಳಿದೆ. ಕಾಲು ಸರಿಯಾಗಿ ಊರದೆ ಇದ್ದದ್ದನ್ನೂ ಹೇಳಿದೆ. ಅವನು ಕಪ್ಪನ್ನು ಕೆಳಗಿಟ್ಟು, "ಹಂಗಿದ್ರ ಲಗು ನಡೀರಿ," ಎಂದು ನನಗಿಂತ ಮುಂದೆ ನಡೆಯತೊಡಗಿದ. ಬಾಗಿಲಿಗೆ ಬಂದಾಗ ಐದು ಇಪ್ಪತ್ತು. ಹತ್ತು ನಿಮಿಷ ಕಟ್ಟೆಯ ಮೇಲೆ ಕಾದೆವು.

ಐದೂವರೆಗೆ ಹೆಲ್ಪರ್ ಗುಂಡಿ ಒತ್ತಿದ. ಈ ಸಲ ಯಾರೂ ಎತ್ತಿ ಹಿಡಿಯಲಿಲ್ಲ. ಯಂತ್ರ ಸ್ಟ್ಯಾಂಡಿನಿಂದ ಹಿಂದಕ್ಕೆ ಸರಿದು, ತಿರುಗಿ, ಗಿರಣಿಯ ಹಾಗೆ ಗುರ್ರೆನ್ನುತ್ತ ಹೊರಟಿತು. ಮರಳು ಚೆಲ್ಲಿದ ಕಡೆ ಹೋಗಿ, ಅಲ್ಲಿಯೇ ಸುತ್ತು ಹಾಕಿ, ಮರಳನ್ನೆಲ್ಲ ನುಂಗಿತು. ಬಕೀಟಿಗೆ ಡಿಕ್ಕಿ ಹೊಡೆದು ದಾರಿ ಬದಲಿಸಿತು. ಅಕ್ಕ ಎರಡೂ ಪಾದ ಕುರ್ಚಿಯ ಅಡ್ಡಪಟ್ಟಿಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ಐದು ನಿಮಿಷದ ಮೇಲೆ ತಡೆಯಲಾಗಲಿಲ್ಲ.

"ಮೂಲಿ! ಏ, ಮೂಲಿ ಬಿಟ್ಟಿ! ಅತ್ತಲಾಗಲ್ಲೋ, ಇತ್ತ ಇತ್ತ... ಅಯ್ಯ, ಹೊಡದದ್ದೇ ಮತ್ತ ಹೊಡೀಲಿಕತ್ತೇದಲ್ಲ. ತಂಗಿ, ನೋಡ ಇಲ್ಲಿ, ಭಾಳ ಮಂದ ಅದ ಇದು."

"ಅಕ್ಕಾರ, ಅದಕ್ಕ ಕಿವಿ ಇಲ್ರಿ," ಎಂದಳು ಹೆಂಡತಿ.

"ಇಲ್ಲಂದ್ರ ಹೆಂಗ ಕಲೀತದ?"

ಆದರೂ ಕೆಲಸ ನಡೆಯಿತು. ಪಡಸಾಲೆಯ ಶಹಾಬಾದಿ ಕಲ್ಲಿನ ನೆಲದ ಮೇಲೆ ಅದು ಹೋದಲ್ಲೆಲ್ಲ ಬೂದಿ ಬಣ್ಣ ಹೋಗಿ ಕಲ್ಲಿನ ಬಣ್ಣ ಬಂತು. ಆರು ಗಂಟೆಗೆ ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಲ ಕೋಣೆ ಎಲ್ಲ ಮುಗಿದಿದ್ದವು. ನನಗೆ ಎದೆ ಹಗುರಾಯಿತು. ಇನ್ನು ಉಳಿದದ್ದು ದೇವರ ಕೋಣೆ ಒಂದೇ.

ದೇವರ ಕೋಣೆಯ ಬಾಗಿಲಲ್ಲಿ ನಾವು ಕರಿಕಲ್ಲಿನ ಒಂದು ಪಟ್ಟಿ ಹಾಕಿಸಿದ್ದೆವು, ಕನ್ನಡಿಯ ಹಾಗೆ ಪಾಲಿಶ್ ಮಾಡಿದ್ದು. ಯಂತ್ರ ಅಲ್ಲಿಯವರೆಗೆ ಬಂತು, ನಿಂತಿತು, ಹಿಂದಕ್ಕೆ ಸರಿಯಿತು. ಮತ್ತೆ ಬಂತು, ನಿಂತಿತು, ಸರಿಯಿತು. ಕಪ್ಪು ಕಲ್ಲನ್ನು ಅದು ಹಳ್ಳವೆಂದು ತಿಳಿಯುತ್ತಿತ್ತು ಎಂದು ಹೆಲ್ಪರನ ಅಳಿಯ ಆಮೇಲೆ ಫೋನಿನಲ್ಲಿ ಹೇಳಿದ. ಆಗ ನಮಗೆ ತಿಳಿದಿರಲಿಲ್ಲ. ಐದನೆಯ ಸಲ ಅದು ಹಿಂದೆ ಸರಿದಾಗ ಅಕ್ಕನ ಮುಖ ಬದಲಾಯಿತು.

"ನೋಡ್ರಿ," ಎಂದಳು ಮೆಲ್ಲಗೆ. "ಅದಕ್ಕ ಮಡಿ ತಿಳೀತದ. ತಾ ಮೈಲಿಗಿ ಅಂತ ಗೊತ್ತದ, ಒಳಗ ಬರವಲ್ದು."

ಬೆಳಗಿನಿಂದ ಮೊದಲ ಬಾರಿಗೆ ಅವಳ ದನಿಯಲ್ಲಿ ಯಂತ್ರದ ಬಗ್ಗೆ ಗೌರವವಿತ್ತು. ಆದರೆ ಆ ಮಾತಿನ ಬೆನ್ನಿಗೇ ಕುರ್ಚಿಯ ಕೈ ಹಿಡಿದು ಎದ್ದಳು. "ಅದರ ಕೆಲಸ ಅದು ಮಾಡೇದ. ಒಳಗಿಂದು ನಂದು. ನಾ ಮಡಿಯಾಗೇ ಇದ್ದೀನಿ. ಕಸಬರಿಗಿ ಎಲ್ಲಿ ಇಟ್ಟೀರಿ?"

"ಇಡೀ ಮನಿ ಅಂದಿದ್ದಿ," ಎಂದೆ.

"ಇಡೀ ಮನಿ ಹೊಡೀಲಿಲ್ಲಲ್ಲ! ಕರಾರಿನ ಪ್ರಕಾರ ನಾನೇ ಹೊಡೀಬೇಕು. ಎಂಟು ಅಡಿ ಕೋಣಿ. ಎರಡು ಸಲ ಬಗ್ಗಿದ್ರ ಮುಗೀತದ."

ಎರಡು ಸಲ. ನಾನು ಗಡಿಯಾರ ನೋಡಿದೆ. ಆರು ಗಂಟೆ ನಾಲ್ಕು ನಿಮಿಷ. ಆರೂ ಇಪ್ಪತ್ತಕ್ಕೆ ದೀಪ. ಹೆಂಡತಿ ಇಡೀ ದಿನ ಒಲೆಯ ಮುಂದಿದ್ದವಳು, ಮಡಿಯಲ್ಲಿರಲಿಲ್ಲ. ಹೆಲ್ಪರ್ ದೇವರ ಕೋಣೆಯೊಳಗೆ ಬರುವವನಲ್ಲ, ದೂರ ಸರಿದು ನಿಂತಿದ್ದ. ನಾನು ಹುಟ್ಟಿದಂದಿನಿಂದ ಕಸಬರಿಗೆ ಹಿಡಿದವನಲ್ಲ. ನಮ್ಮ ಮನೆಯ ಗಂಡಸರು ಯಾರೂ ಹಿಡಿದವರಲ್ಲ.

"ತಡಿ," ಎಂದು ಬಚ್ಚಲಿಗೆ ಓಡಿದೆ. ಹಂಡೆಯಲ್ಲಿ ಬಿಸಿ ನೀರಿರಲಿಲ್ಲ. ತಣ್ಣೀರನ್ನೇ ನಾಲ್ಕು ತಂಬಿಗೆ ತಲೆಯ ಮೇಲೆ ಸುರಿದುಕೊಂಡು, ಗೂಟದ ಮೇಲಿನ ಮಡಿಯ ಪಂಚೆ ಸುತ್ತಿಕೊಂಡು, ಹಲ್ಲು ಕಡಿಯುತ್ತ ಬಂದೆ. ಆರೂ ಹನ್ನೊಂದು. ದೇವರ ಕೋಣೆಗೆಂದೇ ಬೇರೆ ಇಟ್ಟ ಸಣ್ಣ ಕಸಬರಿಗೆಯನ್ನು ಮೂಲೆಯಿಂದ ತೆಗೆದುಕೊಂಡೆ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ದಾರಿ ಬಿಡಲಿಲ್ಲ.

"ನಿನಗ ಬರ್ತದೇನು?"

"ಹೇಳು, ಮಾಡ್ತೀನಿ."

ಒಂದು ಕ್ಷಣ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಪಂಚೆಯಿಂದ ಕರಿಕಲ್ಲಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಪಕ್ಕಕ್ಕೆ ಸರಿದಳು.

"ಹಿಡಿ ಮುಷ್ಟಿಯಾಗ ಹಿಡಿಬ್ಯಾಡ. ಬೆರಳಾಗ ಹಿಡಿ. ಒಳಗಿನ ಮೂಲಿಯಿಂದ ಹೊರಗ ಬಾ, ಹೊರಗಿಂದ ಒಳಗ ಹೋಗಬ್ಯಾಡ. ಧೂಳು ಏಳಸಬ್ಯಾಡ, ನೆಲಕ್ಕ ಒತ್ತಿ ಎಳಿ. ಎಡಕ್ಕ. ಎಡಕ್ಕಂದ್ರ ತಿಳಿಯಂಗಿಲ್ಲೇನು? ದೇವರ ಮಣಿಯ ಕೆಳಗ. ಹಂಗಲ್ಲ. ಹಾಂ, ಹಂಗ. ಮತ್ತೊಮ್ಮೆ. ಆ ಮೂಲಿ ಬಿಟ್ಟಿ ನೋಡು."

ಬಗ್ಗಿದಾಗ ನನ್ನ ಸೊಂಟವೂ ಒಂದು ಮಾತು ಹೇಳಿತು. ಮೂಲೆಗೆ ಮೂರು ಸಲ ಹೋಗಿ ಬಂದೆ. ಹೆಲ್ಪರ್ ಹೊರಗಿನಿಂದ ಗಡಿಯಾರ ಕೂಗುತ್ತಿದ್ದ. "ಆರೂ ಹದಿನಾಲ್ಕು, ಸಾಬ್! ಹದಿನೈದು!" ಆರೂ ಹದಿನಾರಕ್ಕೆ ಅಕ್ಕ "ಸಾಕು" ಎಂದಳು. ಚೆನ್ನಾಗಿದೆ ಎನ್ನಲಿಲ್ಲ. ಆದರೆ ಕಸಬರಿಗೆಯನ್ನು ನನ್ನ ಕೈಯಿಂದ ಕಸಿದು ಮತ್ತೆ ಗುಡಿಸಲೂ ಇಲ್ಲ. ಹಿಂದಕ್ಕೆ ನಡೆದು ಕುರ್ಚಿಯಲ್ಲಿ ಕುಳಿತಳು. ಎಡಗಾಲು ನೆಲಕ್ಕೆ ಸರಿಯಾಗಿಯೇ ಊರಿತ್ತು. ಯಂತ್ರ ಅವಳ ಕುರ್ಚಿಯ ಹತ್ತಿರ ಬಂದು, ಪಾದಕ್ಕೆ ತಾಗಿ, ತಿರುಗಿ ಹೋಯಿತು.

"ಅದನ್ನ ನಾಳೆ ಒಯ್ದುಬಿಡ್ರಿ," ಎಂದು ಹೆಲ್ಪರನಿಗೆ ಹೇಳಿದಳು.

"ಯಾಕ್ರಿ ಟೀಚರಮ್ಮಾ? ಕೆಲಸ ಮಾಡ್ತದಲ್ಲ."

"ಮಾಡ್ತದ, ಖರೇ. ಎಷ್ಟು ಹೇಳಿದ್ರೂ ಕೇಳಂಗಿಲ್ಲ. ಇವ ಕೇಳ್ತಾನ. ನಾಳಿಯಿಂದ ಮೂರು ತಿಂಗಳು ಸಂಜಿ ಕಸ ಇವನೇ ಹೊಡೀಲಿ. ನಾ ಕೂತಲ್ಲೇ ಕೂತು ಹೇಳ್ತೀನಿ."

ಹೆಂಡತಿ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಆಗ ಬೇರೆ ಏನನ್ನು ಕೇಳಿದ್ದರೂ ತಲೆಯಾಡಿಸುತ್ತಿದ್ದೆ.

ಆದರೆ ಕಸ ಇನ್ನೂ ಮನೆಯೊಳಗೇ ಇತ್ತು. ದೇವರ ಕೋಣೆಯದು ಮೊರದಲ್ಲಿ, ಉಳಿದದ್ದು ಯಂತ್ರದ ಹೊಟ್ಟೆಯಲ್ಲಿ. ದೀಪ ಹಚ್ಚಿದ ಮೇಲೆ ಹೊರಗೆ ಹಾಕುವಂತಿಲ್ಲ. ಹೆಂಡತಿ ಕಡ್ಡಿಪೆಟ್ಟಿಗೆ ಹಿಡಿದು ಕೋಣೆಯ ಹೊರಗೆ ನಿಂತಳು. ಹಚ್ಚುವುದು ಅಕ್ಕ, ನಾನು ಕಸ ಚೆಲ್ಲಿ ಕೂಗುವವರೆಗೆ ಕಾಯಬೇಕು. ಹೆಲ್ಪರ್ ಯಂತ್ರ ನಿಲ್ಲಿಸಿ ಹೊಟ್ಟೆಯ ಡಬ್ಬಿ ಎಳೆದುಕೊಟ್ಟ. ಒಂದು ಕೈಯಲ್ಲಿ ಮೊರ, ಒಂದು ಕೈಯಲ್ಲಿ ಡಬ್ಬಿ, ಒದ್ದೆ ಪಂಚೆಯಲ್ಲಿ ಹಿತ್ತಲಿಗೆ ಓಡಿದೆ. ತಿಪ್ಪೆಗುಂಡಿಗೆ ಎರಡನ್ನೂ ಕೊಡವಿ, "ಆತು!" ಎಂದು ಕೂಗಿದೆ. ಪಡುವಣದಲ್ಲಿ ಕ್ವಾರ್ಟರ್ಸುಗಳ ಆಚೆ ಸೂರ್ಯನ ಅಂಚು ಇನ್ನೂ ಕಾಣುತ್ತಿತ್ತು.

ಒಳಗೆ ಕಡ್ಡಿ ಗೀರಿದ ಸದ್ದು ಕೇಳಿತು. ನಾಳೆ ಯಂತ್ರದೊಡನೆ ಹೋಗಬೇಕಾದ ಡಬ್ಬಿಯನ್ನು ಬಚ್ಚಲಿನಲ್ಲಿ ತೊಳೆದು, ಒಣ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿ, ಕಟ್ಟೆಯ ಮೇಲೆ ಬೋರಲು ಹಾಕಿದೆ. ಆರು ಗಂಟೆ ಇಪ್ಪತ್ತೆರಡು ನಿಮಿಷ.